ಸೊನ್ನೆ ಕೊಟ್ಟ ಮಾತ್ರೆ

ಅವಳಿಗೆ ಎಂಟು ವರ್ಷವಾಗಿದ್ದಾಗ ಲೆಕ್ಕದ ಟೀಚರು ಅವಳ ಉತ್ತರಪತ್ರಿಕೆಯನ್ನು ಬೆನ್ನಿಗೆ ಪಿನ್ನು ಹಾಕಿ ಸಿಕ್ಕಿಸಿ ಮನೆಗೆ ಕಳಿಸಿದರು. ಕೆಂಪು ಶಾಯಿಯ ಸೊನ್ನೆ ಅಂಗೈಯಗಲ ಇತ್ತು. ಹಿಂದೆಯೇ ಬರುತ್ತಿದ್ದ ಅಣ್ಣ ಅದನ್ನು ಕಿತ್ತುಹಾಕಬಹುದಿತ್ತು. ಕೀಳಲಿಲ್ಲ. "ಸೊನ್ನೆ ಬಂತು, ದಾರಿ ಬಿಡ್ರೋ" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬಂದ. ಅವತ್ತು ಅಂಟಿದ ಹೆಸರು ಆಮೇಲೆ ಉದುರಲೇ ಇಲ್ಲ. ಅಪ್ಪ ಹಾಗೇ ಕರೆದರು, ಪಕ್ಕದ ಮನೆಯವರು ಕರೆದರು, ಮದುವೆಯಾಗಿ ಬಂದ ಅತ್ತಿಗೆಯೂ ತಿಂಗಳೊಳಗೆ ಕಲಿತುಕೊಂಡಳು. ಅಮ್ಮ ಮಾತ್ರ ಪುಟ್ಟಿ ಎನ್ನುತ್ತಿದ್ದಳು.

ಅವಳೇನು ದಡ್ಡಿಯಲ್ಲ. ಓದಲು ಕೊಟ್ಟರೆ ದಪ್ಪ ಪುಸ್ತಕವನ್ನು ಎರಡು ದಿನಕ್ಕೆ ಮುಗಿಸುತ್ತಿದ್ದಳು. ಒಮ್ಮೆ ನೋಡಿದ ಮುಖ, ಒಮ್ಮೆ ಕೇಳಿದ ಮಾತು ಮರೆಯುತ್ತಿರಲಿಲ್ಲ. ಅಂಕಿಗಳು ಮಾತ್ರ ಅವಳ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ. ನಲವತ್ತೇಳು ಎಂದು ಓದಿದ್ದು ಬರೆಯುವಷ್ಟರಲ್ಲಿ ಎಪ್ಪತ್ನಾಲ್ಕಾಗುತ್ತಿತ್ತು. ಗೋಡೆ ಗಡಿಯಾರದ ಮುಳ್ಳುಗಳು ಅವಳಿಗೆ ಬರೀ ಎರಡು ಕಡ್ಡಿ. ಮೂವತ್ತೆಂಟನೆಯ ವಯಸ್ಸಿನಲ್ಲೂ ಯಾರಾದರೂ ವಯಸ್ಸು ಕೇಳಿದರೆ ಹುಟ್ಟಿದ ವರ್ಷ ಒಪ್ಪಿಸಿ, "ನೀವೇ ನೋಡ್ಕೊಳ್ಳಿ" ಎಂದು ನಕ್ಕುಬಿಡುತ್ತಿದ್ದಳು. ಕೇಳಿದವರು ಹೆಂಗಸರ ಬಿಂಕ ಎಂದುಕೊಳ್ಳುತ್ತಿದ್ದರು. ಕಣ್ಣು ಹದ್ದಿನಷ್ಟು ಚುರುಕಾಗಿದ್ದರೂ ಬಸ್ ನಿಲ್ದಾಣದಲ್ಲಿ, "ಕನ್ನಡಕ ಮರೆತು ಬಂದೆ, ಇದು ಎಷ್ಟನೇ ನಂಬರು ಸ್ವಲ್ಪ ನೋಡ್ತೀರಾ?" ಎಂದು ಕೇಳುತ್ತಿದ್ದಳು. ಕೇಳಿಸಿಕೊಂಡವರು ಓದಿ ಹೇಳುತ್ತಿದ್ದರು. ಹೇಳಿದ ನಂಬರು ತನ್ನದೋ ಅಲ್ಲವೋ ಎನ್ನುವುದು ತಿಳಿಯುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಬ್ಯಾಂಕಿನ ಫೋನು ಬಂದು, ಮೊಬೈಲಿಗೆ ಬಂದ ಆರು ಅಂಕಿ ಹೇಳಿ ಎಂದರೆ ಅವಳ ಬೆನ್ನು ಬೆವರುತ್ತಿತ್ತು. ಮೂರನೆಯದನ್ನು ಹೇಳುವಾಗ ಮೊದಲಿನದು ಜಾರಿಹೋಗಿರುತ್ತಿತ್ತು. ಮನೆಯ ಮೆಟ್ಟಿಲಲ್ಲಿ ತನ್ನ ಮಹಡಿಯನ್ನು ಅವಳು ಗುರುತು ಹಿಡಿಯುತ್ತಿದ್ದದ್ದು ಎದುರು ಬಾಗಿಲಿನವರ ಹಸಿರು ಚಪ್ಪಲಿಗೂಡಿನಿಂದ. ಒಂದು ಸಲ ಅವರು ಬಣ್ಣ ಹೊಡೆಸಲು ಗೂಡನ್ನು ಒಳಗಿಟ್ಟರು. ಅವಳು ಮೇಲಿನ ಮಹಡಿಗೆ ಹೋಗಿ, ಬೀಗಕ್ಕೆ ಕೀಲಿ ತುರುಕಿ, ಕಳ್ಳಿ ಎನಿಸಿಕೊಂಡು ಬಂದಳು. ಅಣ್ಣ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳನ್ನು ನೋಡಲು ಬಂದ ಒಬ್ಬನೇ ಒಬ್ಬ ವರನ ಮುಂದೆಯೂ ಅದನ್ನೇ ಹೇಳಿದ್ದ. ವರನ ತಾಯಿ ನಗಲಿಲ್ಲ. ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದಳು.

ಕೆಲಸ ಸಿಕ್ಕಿದ್ದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ. ಮೊದಮೊದಲು ಗಾಜು ಒರೆಸುತ್ತಿದ್ದಳು. ಒಂದು ದಿನ ಕತ್ತರಿಸುವವನು ಬಾರದೇ ಹೋದಾಗ, ಕಾದು ನಿಂತ ಗಿರಾಕಿಯ ಚಿತ್ರವನ್ನು ತಾನೇ ಎತ್ತಿಕೊಂಡಳು. ಅಳತೆಯ ಟೇಪು ಮುಟ್ಟಲಿಲ್ಲ. ಉದ್ದನೆಯ ಕಾಗದದ ಚೂರೊಂದನ್ನು ಚಿತ್ರದ ಅಂಚಿಗೆ ಹಿಡಿದು ಉಗುರಿನಿಂದ ಗೀರಿದಳು. ಆ ಗೀರನ್ನು ಮರದ ಪಟ್ಟಿಯ ಮೇಲಿಟ್ಟು ಗರಗಸ ಆಡಿಸಿದಳು. ನಾಲ್ಕು ಮೂಲೆಯೂ ಕೂದಲು ತೂರದಷ್ಟು ಬಿಗಿಯಾಗಿ ಕೂಡಿದವು. ಅಂದಿನಿಂದ ಹನ್ನೊಂದು ವರ್ಷ ಕತ್ತರಿಸುವ ಮೇಜು ಅವಳದೇ. ಯಜಮಾನರು ಒಂದು ದಿನವೂ ಹೇಗೆ ಅಳೆಯುತ್ತೀ ಎಂದು ಕೇಳಲಿಲ್ಲ. ಪಟ್ಟಿ ಹಾಳಾಗದಿದ್ದರೆ ಅವರಿಗೆ ಸಾಕು. ಗೋಡೆಗೆ ತೂಗುಹಾಕಿದ ಚಿತ್ರ ಎಳ್ಳಷ್ಟು ವಾಲಿದ್ದರೂ ಬಾಗಿಲಲ್ಲೇ ನಿಂತು ಹೇಳಿಬಿಡುವ ಕಣ್ಣು ಅವಳದು.

ಅವಳ ಗುಟ್ಟನ್ನು ಪತ್ತೆ ಹಚ್ಚಿದ್ದು ಒಬ್ಬ ಗಿರಾಕಿ. ಕಲಿಯಲು ಕಷ್ಟಪಡುವ ಮಕ್ಕಳನ್ನು ಪರೀಕ್ಷಿಸುವ ಮೇಡಂ ಆಕೆ. ತನ್ನ ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಲು ಬಂದವರು ಕಾಗದದ ಚೂರನ್ನು ನೋಡಿದರು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಟೇಪನ್ನೂ ನೋಡಿದರು.

"ಎಷ್ಟು ಇಂಚು ಬರುತ್ತೆ?" ಎಂದರು, ಸುಮ್ಮನೆ ಕೇಳಿದಂತೆ.

"ಇಷ್ಟು" ಎಂದು ಅವಳು ಎರಡು ಕೈ ಅಗಲಿಸಿ ತೋರಿಸಿದಳು.

ಮೇಡಂ ನಗಲಿಲ್ಲ. ತಮ್ಮ ವಿಳಾಸದ ಚೀಟಿ ಕೊಟ್ಟು, "ಬಿಡುವಾದಾಗ ಬನ್ನಿ. ದುಡ್ಡೇನೂ ಬೇಡ" ಎಂದರು.

ಮೂರು ಸಲ ಹೋದಳು. ಪುಟ್ಟ ಮೇಜಿನ ಮುಂದೆ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ಚುಕ್ಕಿಗಳನ್ನು ನೋಡಿದಳು, ಗಡಿಯಾರದ ಚಿತ್ರ ಬಿಡಿಸಿದಳು, ಬೆವರಿದಳು. ನಾಲ್ಕನೆಯ ಸಲ ಮೇಡಂ ಮುದ್ರೆ ಒತ್ತಿದ ಕಾಗದ ಕೊಟ್ಟರು. ಅದರಲ್ಲಿ ಡಿಸ್ಕ್ಯಾಲ್ಕ್ಯುಲಿಯಾ ಎಂದು ಬರೆದಿತ್ತು.

"ಇದು ದಡ್ಡತನ ಅಲ್ಲ, ಸೋಮಾರಿತನಾನೂ ಅಲ್ಲ" ಎಂದರು ಮೇಡಂ. "ಹುಟ್ಟಿದಾಗಿಂದ ನಿಮ್ಮ ಮಿದುಳು ಅಂಕಿಗಳನ್ನ ಬೇರೆ ಥರ ನೋಡುತ್ತೆ, ಅಷ್ಟೇ. ನಿಮ್ಮ ತಪ್ಪು ಏನೂ ಇಲ್ಲ."

ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿ ಎಂದು ಕೇಳಲು ಅವಳಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ದಾರಿಯುದ್ದಕ್ಕೂ ಅತ್ತಳು. ಮರುದಿನ ಅಂಗಡಿಯಲ್ಲಿ ಉಳಿದಿದ್ದ ಒಳ್ಳೆಯ ಪಟ್ಟಿಯನ್ನು ಯಜಮಾನರಿಂದ ಕೇಳಿ ಪಡೆದು, ಆ ಕಾಗದಕ್ಕೆ ಚೌಕಟ್ಟು ಹಾಕಿದಳು. ತಾನೂ ಅಮ್ಮನೂ ಮಲಗುವ ಕೋಣೆಯಲ್ಲಿ ತೂಗುಹಾಕಿದಳು.

"ಇದೇನೇ, ದಡ್ಡತನಕ್ಕೂ ಸರ್ಟಿಫಿಕೇಟು ಕೊಡೋಕೆ ಶುರು ಮಾಡಿದ್ರಾ?" ಎಂದು ಅಣ್ಣ ಬಾಗಿಲಿಗೆ ಒರಗಿ ನಕ್ಕ. "ಫಸ್ಟ್ ಕ್ಲಾಸೋ, ಡಿಸ್ಟಿಂಕ್ಷನ್ನೋ?"

ಅತ್ತಿಗೆ ನಗಲಿಲ್ಲ. ಹತ್ತಿರ ಬಂದು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು. "ಅಂದ್ರೆ ಇದು ಯಾವತ್ತೂ ಸರಿಹೋಗಲ್ಲ ಅಂತಾಯ್ತು" ಎಂದಳು.

ಅಮ್ಮ ಹಾಸಿಗೆಯ ಮೇಲಿಂದ, "ಚೆನ್ನಾಗಿ ಕಾಣತ್ತೆ ಕಣೇ ಪುಟ್ಟಿ, ಅಲ್ಲೇ ಇರಲಿ" ಎಂದಳು.

ಅಮ್ಮನಿಗೆ ಹೃದಯದ ತೊಂದರೆ. ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ, ಬೆಳಗ್ಗೆ ತಿಂಡಿಯಾದ ಮೇಲೆ. "ಒಂದು ದಿನ ತಪ್ಪಿದ್ರೂ ಪರವಾಗಿಲ್ಲ, ಒಂದಕ್ಕೆ ಎರಡು ಮಾತ್ರ ಆಗಬಾರದು. ಈ ಮಾತ್ರೆ ಹೆಚ್ಚಾದ್ರೆ ವಿಷ" ಎಂದು ಡಾಕ್ಟರು ಕೈಬೆರಳು ಎತ್ತಿ ಎಚ್ಚರಿಸಿದ್ದರು. ಅಣ್ಣ ಬೆಳಗಾಗುತ್ತಲೇ ಆಫೀಸಿಗೆ ಓಡುವವನು. ಅತ್ತಿಗೆ ಮನೆಯಲ್ಲೇ ಇದ್ದರೂ ಬೆಳಗಿನ ಹೊತ್ತು ಅವಳಿಗೆ ಅಡುಗೆಮನೆಯಿಂದ ತಲೆಯೆತ್ತಲು ಆಗುತ್ತಿರಲಿಲ್ಲ. ಹಾಗಾಗಿ ಮಾತ್ರೆಯ ಕೆಲಸ ಸೊನ್ನೆಗೇ ಬಂತು.

ಅವಳು ಅದಕ್ಕೊಂದು ಏರ್ಪಾಡು ಮಾಡಿಕೊಂಡಳು. ಏಳು ಪುಟ್ಟ ಡಬ್ಬಿ ತಂದು, ಒಂದೊಂದರ ಮೇಲೂ ವಾರದ ಹೆಸರು ಬರೆದಳು. ಹೆಸರುಗಳು ಅಕ್ಷರ, ಅಕ್ಷರ ಅವಳಿಗೆ ಎಂದೂ ಮೋಸ ಮಾಡಿರಲಿಲ್ಲ. ಭಾನುವಾರ ಅಮ್ಮನೂ ಅವಳೂ ಕೂತು ಡಬ್ಬಿಗೊಂದು ಮಾತ್ರೆ ಹಾಕುತ್ತಿದ್ದರು. ದಿನಾ ಬೆಳಗ್ಗೆ ಆ ದಿನದ ಡಬ್ಬಿ ತೆಗೆದು, ಮಾತ್ರೆಯನ್ನು ಅಮ್ಮನ ಬಾಯಿಗೆ ಹಾಕಿ, ನೀರು ಕುಡಿಸಿ, ಖಾಲಿ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಬೋರಲಾಗಿದ್ದರೆ ಕೊಟ್ಟಾಯಿತು. ಎಣಿಸುವ ಗೋಜೇ ಇಲ್ಲ.

ಒಮ್ಮೆ ಅತ್ತಿಗೆಗೂ ಅದನ್ನು ವಿವರಿಸಿದ್ದಳು. "ಒಳ್ಳೇ ಆಟಿಕೆ ಮಾಡ್ಕೊಂಡಿದೀಯ" ಎಂದು ಅತ್ತಿಗೆ ಒಗೆದ ಬಟ್ಟೆ ಹೊತ್ತುಕೊಂಡು ಹೋಗಿದ್ದಳು.

ಚಳಿಗಾಲ ಮುಗಿಯುತ್ತಿದ್ದಂತೆ ಅಮ್ಮನ ಮರೆವು ಹೆಚ್ಚಿತು. ತಿಂದ ತಿಂಡಿಯನ್ನು ತಿಂದಿಲ್ಲ ಎನ್ನುವಳು, ಹಾಕಿಕೊಂಡ ಶಾಲನ್ನು ಹುಡುಕುವಳು. ಆಮೇಲೆ ಊಟ ಸೇರದಾಯಿತು. ಎರಡು ತುತ್ತು ಇಳಿದರೆ ಮೂರನೆಯದಕ್ಕೆ ವಾಂತಿ. ಒಂದು ಸಂಜೆ ಸೊನ್ನೆ ಅಂಗಡಿಯಿಂದ ಬಂದಾಗ ಅಮ್ಮ ಗೋಡೆಯನ್ನೇ ನೋಡುತ್ತಿದ್ದಳು.

"ಪುಟ್ಟಿ, ಯಾವಾಗ ಹಳದಿ ಬಣ್ಣ ಹೊಡೆಸಿದ್ರೇ?"

"ಬಿಳೀನೇ ಇದೆಯಲ್ಲಮ್ಮ."

"ನಿನ್ನ ಮುಖಾನೂ ಹಳದಿ ಕಾಣ್ತಿದೆ."

ಅವತ್ತು ರಾತ್ರಿ ಸೊನ್ನೆ, ಡಾಕ್ಟರಿಗೆ ತೋರಿಸೋಣ ಎಂದು ಅಣ್ಣನಿಗೆ ಹೇಳಿದಳು. "ವಯಸ್ಸಾದೋರಿಗೆ ಇದೆಲ್ಲ ಇದ್ದದ್ದೇ. ಶನಿವಾರ ನೋಡೋಣ" ಎಂದ ಅವನು. ಶನಿವಾರದ ತನಕ ಅಮ್ಮ ಕಾಯಲಿಲ್ಲ. ಬುಧವಾರ ಮಧ್ಯಾಹ್ನ ಬಚ್ಚಲಿಗೆ ಹೋಗುವಾಗ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮರುದಿನ ಬೆಳಗ್ಗೆ ವಾರ್ಡಿನ ಡಾಕ್ಟರು ಮೂವರನ್ನೂ ತಮ್ಮ ಕೋಣೆಗೆ ಕರೆಸಿದರು. ಚಿಕ್ಕ ಕೋಣೆ, ಮೂರನೆಯವರಿಗೆ ಕುರ್ಚಿ ಇರಲಿಲ್ಲ, ಸೊನ್ನೆ ಬೀರುವಿಗೆ ಒರಗಿ ನಿಂತಳು.

"ಎದೆಬಡಿತದ ಮಾತ್ರೆ ಅವರ ಮೈಯಲ್ಲಿ ಮಿತಿಮೀರಿ ಸೇರಿದೆ" ಎಂದರು ಡಾಕ್ಟರು. "ಒಂದು ದಿನದ್ದಲ್ಲ ಇದು. ಸುಮಾರು ದಿನದಿಂದ ಎರಡೆರಡು ಹೋಗಿರಬೇಕು. ಮನೇಲಿ ಮಾತ್ರೆ ಕೊಡ್ತಿದ್ದವರು ಯಾರು?"

ಅಣ್ಣ ತಿರುಗಿ ಅವಳನ್ನು ನೋಡಿದ. ಅತ್ತಿಗೆ ಕೈಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು.

"ನಾನು" ಎಂದಳು ಸೊನ್ನೆ. "ದಿನಕ್ಕೆ ಒಂದೇ ಕೊಟ್ಟಿದೀನಿ. ಬೆಳಗ್ಗೆ ಮಾತ್ರ."

"ಸರಿಯಾಗಿ ನೆನಪಿದೆಯಾ? ಒಂದೇನಾ?"

"ಒಂದೇ ಡಾಕ್ಟ್ರೇ. ಡಬ್ಬಿ ಇದೆ…"

ಡಾಕ್ಟರು ಬರೆದುಕೊಂಡರು. ವಿಷಯ ಇಂಥದ್ದಾದ್ದರಿಂದ ಆಸ್ಪತ್ರೆಯವರು ವರದಿ ಬರೆಯಲೇಬೇಕು, ಬೇಕಾದರೆ ಪೊಲೀಸರೂ ಒಂದು ಮಾತು ಕೇಳುತ್ತಾರೆ ಎಂದು ಹೇಳಿ ಕಳಿಸಿದರು. ಅವತ್ತು ಸಂಜೆ ಬಟ್ಟೆ ತರುತ್ತೇನೆಂದು ಮನೆಗೆ ಹೋದ ಅಣ್ಣ ಬಟ್ಟೆಯ ಜೊತೆ ಇನ್ನೊಂದನ್ನೂ ತಂದ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಚೌಕಟ್ಟು. ಡಾಕ್ಟರ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟ. ಬಾಗಿಲ ಸಂದಿಯಿಂದ ಸೊನ್ನೆಗೆ ತಾನು ಕೂಡಿಸಿದ ಮೂಲೆಗಳು ಕಂಡವು.

"ನಮ್ಮ ತಂಗಿ ಸರ್. ಬೇಕೂ ಅಂತ ಮಾಡಿದ್ದಲ್ಲ" ಎಂದು ಅಣ್ಣ ಹೇಳುತ್ತಿದ್ದ. ಅವನ ದನಿ ನಿಜವಾಗಿಯೂ ಗದ್ಗದವಾಗಿತ್ತು. "ಅವಳಿಗೆ ಒಂದು ಎರಡು ಗೊತ್ತಾಗಲ್ಲ. ಇಲ್ಲಿ ಬರೆದಿದ್ದಾರೆ ನೋಡಿ. ತಪ್ಪು ನಮ್ಮದೇ, ಅವಳ ಕೈಗೆ ಮಾತ್ರೆ ಕೊಡಬಾರದಿತ್ತು."

ಡಾಕ್ಟರು ಕಾಗದ ಓದಿ ತಲೆಯಾಡಿಸಿದರು. ಅರಿಯದೆ ಆದ ತಪ್ಪು ಎಂದು ವರದಿ ಬರೆದರು. ಪೊಲೀಸರು ಬರಲಿಲ್ಲ. ಶುಕ್ರವಾರ ಬೆಳಗ್ಗೆ ಅಮ್ಮ ತೀರಿಕೊಂಡಳು. ಹೋಗುವ ಮೊದಲು ಒಂದು ಸಲ ಕಣ್ಣು ಬಿಟ್ಟು, ಎಲ್ಲರನ್ನೂ ನೋಡಿದಳು, ಯಾರನ್ನೂ ಗುರುತಿಸಲಿಲ್ಲ.

ಆಸ್ಪತ್ರೆಯಿಂದ ಬಂದ ಎರಡು ದಿನ ಸೊನ್ನೆ ತನ್ನನ್ನೇ ನಂಬಲಿಲ್ಲ. ನಾನೇ ಕೊಟ್ಟಿರಬಹುದೇ? ಒಂದು ಕೊಟ್ಟು ಮರೆತು ಇನ್ನೊಂದು? ಜೀವಮಾನವಿಡೀ ತಪ್ಪು ಮಾಡಿದವಳು ಇದೊಂದರಲ್ಲಿ ಮಾತ್ರ ಹೇಗೆ ಸರಿ ಇರಲು ಸಾಧ್ಯ ಎಂದು ಹಲ್ಲು ಕಚ್ಚಿಕೊಂಡು ಕೂತಳು. ಮೂರನೆಯ ದಿನ ಎದ್ದು ಕಿಟಕಿಯ ಕಟ್ಟೆ ನೋಡಿದಳು. ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ ಬೋರಲು. ಗುರುವಾರ, ಶುಕ್ರವಾರ, ಶನಿವಾರ ನೆಟ್ಟಗೆ, ಒಳಗೆ ಒಂದೊಂದು ಮಾತ್ರೆ. ಇರಬೇಕಾದ ಹಾಗೇ ಇದ್ದವು.

ಹಾಗಾದರೆ ಇನ್ನೊಂದು ಮಾತ್ರೆ ಬಂದದ್ದೆಲ್ಲಿಂದ? ಅವಳಿಗೆ ನೆನಪಾಯಿತು. ಹೋದ ತಿಂಗಳು ಒಂದು ಹಾಳೆ ಮಾತ್ರೆ ಹೆಚ್ಚಿಗೆ ತಂದು, ಸಮಯಕ್ಕಿರಲಿ ಎಂದು ಅಡುಗೆಮನೆಯ ಡ್ರಾಯರಿನಲ್ಲಿ ಇಟ್ಟಿದ್ದಳು. ಅದನ್ನು ಅವಳು ಒಡೆದೇ ಇರಲಿಲ್ಲ. ಹೋಗಿ ಡ್ರಾಯರು ಎಳೆದಳು. ಚಮಚಗಳ ಕೆಳಗೆ ಹಾಳೆ ಸಿಕ್ಕಿತು. ಬೆಳ್ಳಿ ಕಾಗದದ ತುಂಬ ತೂತು. ಕೊನೆಯಲ್ಲಿ ಒಂದಷ್ಟು ಮಾತ್ರ ಉಳಿದಿದ್ದವು. ಅದನ್ನು ತಿಳಿಯಲು ಎಣಿಸಬೇಕಾಗಿರಲಿಲ್ಲ.

ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ಹಾಳೆ ನೋಡಿದವಳೇ ಉರಿ ಸಣ್ಣ ಮಾಡಿದಳು.

"ಅತ್ತಿಗೆ, ಇದನ್ನ ಯಾರು ಒಡೆದಿದ್ದು?"

ಅತ್ತಿಗೆ ಪಾತ್ರೆಯ ಮೇಲೆ ಮುಚ್ಚಳ ಹಾಕಿದಳು.

"ನೀವು ಅಮ್ಮಂಗೆ ಮಾತ್ರೆ ಕೊಡ್ತಿದ್ರಾ?"

"ದಿನಾ ಮಧ್ಯಾಹ್ನ ಅತ್ತೆ ಕರೀತಿದ್ರು" ಎಂದಳು ಅತ್ತಿಗೆ, ಒಲೆಗೆ ಹೇಳುವಂತೆ. "ಪುಟ್ಟಿ ಇವತ್ತು ಮಾತ್ರೆ ಕೊಟ್ಟಿಲ್ಲ, ಎದೆ ಹೊಡ್ಕೊಳ್ತಿದೆ ಅನ್ನೋರು. ನಾನೇನು ಮಾಡ್ಲಿ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ. ಫೋನ್ ಮಾಡಬಹುದಿತ್ತು. ಕಿಟಕೀಲಿ ಡಬ್ಬಿ ಬೋರಲಾಗಿರ್ತಿತ್ತು."

"ನಿನ್ನ ಡಬ್ಬೀನ ನಂಬ್ಕೊಂಡು ಕೂರಬೇಕಿತ್ತಾ ನಾನು?" ಅತ್ತಿಗೆಯ ದನಿ ಏರಿತು. "ಅವರು ಕೊಟ್ಟಿಲ್ಲ ಅಂತಿದಾರೆ, ನೀನು ಕೊಟ್ಟೆ ಅಂತೀಯ. ಗಡಿಯಾರ ನೋಡೋಕೆ ಬಾರದೋಳ ಮಾತು ಯಾರು ನಂಬ್ತಾರೆ ಹೇಳು? ನೀನೇ ಮರೆತಿದೀಯ ಅಂದ್ಕೊಂಡೆ. ಯಾರಾದ್ರೂ ಹಾಗೇ ಅಂದ್ಕೋತಿದ್ರು." ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹಿಂದೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ನೀನೂ ಕೇಳಿಸ್ಕೊಂಡೆ ಅಲ್ವಾ ಅಣ್ಣ?"

"ನನಗೆ ಗೊತ್ತು" ಎಂದ ಅವನು. "ಆಸ್ಪತ್ರೆ ಸೇರಿಸಿದ ದಿನಾನೇ ಹೇಳಿದ್ಲು."

ಚೌಕಟ್ಟನ್ನು ದಿನಪತ್ರಿಕೆಯಲ್ಲಿ ಸುತ್ತುವಾಗಲೂ ಅವನಿಗೆ ಗೊತ್ತಿತ್ತು. ಗದ್ಗದ ದನಿಯಲ್ಲಿ ಡಾಕ್ಟರ ಮುಂದೆ ನಿಂತಾಗಲೂ ಗೊತ್ತಿತ್ತು.

"ನೋಡು, ಕೂತ್ಕೋ" ಎಂದ ಅಣ್ಣ. ಚಿಕ್ಕಂದಿನಿಂದ ಅವಳೊಡನೆ ಅಷ್ಟು ಮೆತ್ತಗೆ ಅವನು ಮಾತಾಡಿದ್ದೇ ಇಲ್ಲ. "ನಿನ್ನ ಹತ್ರ ಕಾಗದ ಇದೆ. ನಿನ್ನನ್ನ ಯಾರೂ ಬೈಯಲ್ಲ, ಪೊಲೀಸ್ರು ಮುಟ್ಟಲ್ಲ. ಪಾಪ ಅಂತಾರೆ ಅಷ್ಟೇ. ಇವಳ ಹತ್ರ ಏನಿದೆ? ಅತ್ತೇನ ಕೊಂದ ಸೊಸೆ ಅಂತ ಬಾಯಿಗೆ ಬಂದ ಹಾಗೆ ಆಡ್ಕೊಳ್ತಾರೆ. ಮನೆ ಮರ್ಯಾದೆ ಏನಾಗುತ್ತೆ? ಅಮ್ಮ ಅಂತೂ ವಾಪಸ್ ಬರಲ್ಲ. ನಿನಗೆ ಇದೊಂದು ದೊಡ್ಡದಾ? ಜನ ನಿನ್ನ ಬಗ್ಗೆ ಹೊಸದಾಗಿ ಏನೂ ಅಂದ್ಕೊಳ್ಳಲ್ಲ."

"ನಾನು ಕೊಂದೆ ಅಂದ್ಕೊಳ್ತಾರೆ."

"ಗೊತ್ತಿಲ್ದೆ ಮಾಡಿದೆ ಅಂದ್ಕೊಳ್ತಾರೆ. ಎರಡಕ್ಕೂ ವ್ಯತ್ಯಾಸ ಇದೆ."

ಮುಂದಿನ ಭಾನುವಾರ ಬಂಧುಗಳು ಬಂದರು. ಚಿಕ್ಕಪ್ಪ, ಸೋದರಮಾವ, ಅವರವರ ಮನೆಯವರು. ನಡುಮನೆಯ ತುಂಬ ಕುರ್ಚಿ. ಎಲ್ಲರೂ ಸೊನ್ನೆಯ ಮೇಲೆ ಕನಿಕರದ ಮಳೆ ಸುರಿಸಿದರು. ಯಾರೋ ತಲೆ ಸವರಿದರು, ಯಾರೋ ಅವಳ ತಟ್ಟೆಗೆ ತಾವೇ ಬಡಿಸಿಕೊಟ್ಟರು. "ಅವಳಿಗೇನು ಗೊತ್ತಾಗುತ್ತೆ ಪಾಪ, ಮಗು ಥರ" ಎಂದು ಮಾವನ ಹೆಂಡತಿ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ, ಪಕ್ಕದವರಿಗೆ ಹೇಳಿದಳು.

ಸೊನ್ನೆ ತಟ್ಟೆ ಕೆಳಗಿಟ್ಟಳು. ಒಳಗೆ ಹೋಗಿ ಏಳು ಡಬ್ಬಿಗಳನ್ನೂ ಮಾತ್ರೆಯ ಹಾಳೆಯನ್ನೂ ತಂದು ನಡುವಿನ ಮೇಜಿನ ಮೇಲಿಟ್ಟಳು. ಡಬ್ಬಿಗಳ ಏರ್ಪಾಡನ್ನು ಹೇಳಿದಳು. ಅಮ್ಮ ಬಿದ್ದ ದಿನದ ತನಕ ಯಾವುದು ಬೋರಲು, ಯಾವುದು ನೆಟ್ಟಗೆ ಎಂದು ಇಟ್ಟು ತೋರಿಸಿದಳು. ಹಾಳೆ ಡ್ರಾಯರಿನಲ್ಲಿ ಸಿಕ್ಕಿತೆಂದು ಹೇಳಿದಳು. "ಅಮ್ಮನಿಗೆ ಮಧ್ಯಾಹ್ನ ಇನ್ನೊಂದು ಮಾತ್ರೆ ಕೊಟ್ಟಿದ್ದು ಅತ್ತಿಗೆ. ನನ್ನ ಹತ್ರ ಒಪ್ಕೊಂಡಿದಾರೆ. ಅಣ್ಣನಿಗೂ ಗೊತ್ತು."

ಮಾವ ಡಬ್ಬಿಯೊಂದನ್ನು ಎತ್ತಿ ತಿರುಗಿಸಿ ನೋಡಿದ. ಒಂದು ಕ್ಷಣ, ಒಂದೇ ಕ್ಷಣ, ಅವನ ಕಣ್ಣು ಅತ್ತಿಗೆಯ ಕಡೆ ಹೋಯಿತು. ಅತ್ತಿಗೆ ಮಂಡಿಯ ಮೇಲಿನ ಸೀರೆಯನ್ನು ಮಡಿಕೆ ಮಾಡುತ್ತಿದ್ದಳು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ನಿವೃತ್ತ ಹೆಡ್‌ಮಾಸ್ತರರು. ಕೆಟ್ಟವರಲ್ಲ, ವಿಚಾರಿಸದೆ ತೀರ್ಪು ಕೊಡುವವರಲ್ಲ.

"ಆಯ್ತಮ್ಮ" ಎಂದರು. "ಈ ಹಾಳೆಯಿಂದ ಎಷ್ಟು ಮಾತ್ರೆ ಖರ್ಚಾಗಿದೆ?"

"ತುಂಬಾ."

"ತುಂಬಾ ಅಂದ್ರೆ ಎಷ್ಟು? ಅಲ್ಲೇ ತೂತು ಇದೆಯಲ್ಲ, ಎಣಿಸಿ ಹೇಳು."

ಎಲ್ಲರೂ ಅವಳ ಬೆರಳನ್ನು ನೋಡಿದರು. ಅವಳು ಒಂದು ತೂತಿನ ಮೇಲೆ ಬೆರಳಿಟ್ಟಳು, ಮುಂದಿನದಕ್ಕೆ ಸರಿಸಿದಳು. ತುಟಿ ಅಲುಗುತ್ತಿತ್ತು. ಸಾಲಿನ ಕೊನೆಗೆ ಬಂದಾಗ ಮುಟ್ಟಿದ್ದು ಯಾವುದು, ಮುಟ್ಟದ್ದು ಯಾವುದು ಎಂದು ಕಲಸಿಹೋಯಿತು.

"ಒಂಬತ್ತು" ಎಂದಳು. ಚಿಕ್ಕಪ್ಪನ ಹುಬ್ಬು ಮೇಲೇರಿದ್ದು ಕಂಡಿತು. "ಇಲ್ಲ ಇಲ್ಲ… ಇನ್ನೊಂದ್ಸಲ…" ಮತ್ತೆ ಮೊದಲಿಂದ ಬೆರಳಿಟ್ಟಳು. ಯಾರೋ ಮೆಲ್ಲಗೆ ಕೆಮ್ಮಿದರು. "ಹದಿನಾರು."

ಸೋದರಮಾವನ ಹೆಂಡತಿಗೆ ನಗು ಬಂದುಬಿಟ್ಟಿತು. ತಡೆಯಲು ಹೋಗಿ ಮೂಗಿನಿಂದ ಸದ್ದು ಬಂತು. ಅವಳೇ ಗಾಬರಿಯಾಗಿ ಸೆರಗು ಬಾಯಿಗಿಟ್ಟುಕೊಂಡಳು. ಅಲ್ಲಿ ಕೂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟಂತಾಯಿತು. ಯಾರಿಗೂ ಯಾರನ್ನೂ ಅನುಮಾನಿಸುವ ಕಷ್ಟ ಉಳಿಯಲಿಲ್ಲ.

"ಹನ್ನೆರಡು" ಎಂದರು ಚಿಕ್ಕಪ್ಪ, ಹಾಳೆಯನ್ನು ಅವಳ ಕೈಯಿಂದ ಮೃದುವಾಗಿ ತೆಗೆದುಕೊಂಡು. "ಕೂತ್ಕೋ ಮಗಳೇ. ನೀನು ಸುಳ್ಳು ಹೇಳ್ತಿದೀಯ ಅಂತ ಯಾರೂ ಹೇಳಲ್ಲ. ನಿನಗೆ ಹಾಗೆ ಅನ್ನಿಸಿದೆ, ಅಷ್ಟೇ. ಆದ್ರೆ ಮನೆ ಸೊಸೆ ಮೇಲೆ ಇಂಥ ಮಾತು ಹೊರಿಸಬಾರದು."

"ಎಣಿಸೋಕೆ ಬರಲ್ಲ ಚಿಕ್ಕಪ್ಪ. ನೋಡೋಕೆ ಬರುತ್ತೆ" ಎಂದಳು ಅವಳು. ಅಷ್ಟರಲ್ಲಿ ಅತ್ತಿಗೆ ಜೋರಾಗಿ ಅಳತೊಡಗಿದ್ದಳು, ಹೆಂಗಸರೆಲ್ಲ ಎದ್ದು ಅವಳ ಸುತ್ತ ನೆರೆದಿದ್ದರು. ಆ ಮಾತು ಯಾರಿಗೂ ಕೇಳಲಿಲ್ಲ.

ಉಳಿದದ್ದು ಮೇಡಂ ಒಬ್ಬರೇ. ಸೊನ್ನೆ ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಇನ್ನೊಂದು ಕಾಗದ ಬರೆದುಕೊಡಿ, ಈ ತಪ್ಪು ನಾನು ಮಾಡಿರಲಾರೆ ಅಂತ ಬರೆಯಿರಿ ಎಂದು ಕೇಳಿದಳು. ಮೇಡಂ ಪೆನ್ನಿನ ಮುಚ್ಚಳ ತಿರುಗಿಸಿದರು.

"ನಾನು ನಿಮ್ಮನ್ನ ನಂಬ್ತೀನಿ" ಎಂದರು. "ಆದ್ರೆ ಮಾಡಿರೋಕೆ ಸಾಧ್ಯಾನೇ ಇಲ್ಲ ಅಂತ ಹೇಗೆ ಬರೀಲಿ? ನಿಮ್ಮ ಸಮಸ್ಯೆ ಇರೋರಿಗೆ ಇಂಥ ತಪ್ಪು ಆಗಬಹುದು ಅಂತ ನಾನೇ ಎಷ್ಟೋ ಕಡೆ ಬರೆದಿದೀನಿ."

ಅವಳು ಎದ್ದು ಬಂದಳು. ನಂಬುತ್ತೇನೆ ಎನ್ನುವಾಗ ಮೇಡಂ ಅವಳ ಮುಖ ನೋಡಿರಲಿಲ್ಲ.

ಸುದ್ದಿ ಅಂಗಡಿಗೂ ತಲುಪಿತು. ಯಜಮಾನರು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕತ್ತರಿಸುವ ಮೇಜಿನ ಬಳಿ ಬಂದು ಅವಳ ಕೆಲಸವನ್ನು ನಿಂತು ನೋಡಿದರು. ಟೇಪನ್ನು ಎತ್ತಿಕೊಟ್ಟು, "ಈ ಪಟ್ಟಿ ಅಳೆದು ಹೇಳಮ್ಮ" ಎಂದರು. ಅವಳು ಟೇಪನ್ನು ಕೈಯಲ್ಲಿ ಹಿಡಿದು ನಿಂತಳು, ಅಷ್ಟೇ.

"ಇಷ್ಟು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆಯಲ್ಲ" ಎಂದರು ಯಜಮಾನರು.

"ಒಂದಾದ್ರೂ ಪಟ್ಟಿ ಹಾಳಾಗಿದೆಯಾ ಸರ್?"

"ಹಾಳಾಗಿಲ್ಲ. ಹಾಳಾದ ಮೇಲೆ ಯಾರನ್ನ ಕೇಳಲಿ? ಇದು ಅಳತೆ ಕೆಲಸ."

ಹೊಸಬನೊಬ್ಬ ಬಂದ. ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವನು. ಮೊದಲ ವಾರವೇ ಎರಡು ಪಟ್ಟಿ ಮೊಟಕು ಕತ್ತರಿಸಿದ. "ಕೈ ಕೂರೋವರೆಗೂ ಆಗುತ್ತೆ ಬಿಡು" ಎಂದರು ಯಜಮಾನರು. ಸೊನ್ನೆ ಮತ್ತೆ ಗಾಜು ಒರೆಸುವ ಮೂಲೆಗೆ ಬಂದಳು. ಒರೆಸುವುದು, ಕಾಗದ ಸುತ್ತುವುದು, ದಾರ ಕಟ್ಟುವುದು. ಮನೆ ಬಿಟ್ಟು ಅಂಗಡಿಯ ಹಿಂದಿನ ಬೀದಿಯಲ್ಲಿ ಒಂಟಿ ಕೋಣೆ ಹಿಡಿದಳು. ಅಣ್ಣ ಬೇಡವೆನ್ನಲಿಲ್ಲ. ಹಾಸಿಗೆ ಸಾಗಿಸಲು ಗಾಡಿ ಮಾತಾಡಿ ಕೊಟ್ಟ. ಮನೆಯೊಡತಿ ಮೊದಲ ದಿನವೇ, "ಗ್ಯಾಸ್ ಮಾತ್ರ ನೀವು ಹಚ್ಚಬೇಡಿ, ಬೇಕಾದಾಗ ನನ್ನ ಕರೀರಿ" ಎಂದಳು. ಅವಳಿಗೂ ಯಾರೋ ಹೇಳಿದ್ದರು.

ಆರೇಳು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದಳು. ಇಳಿದುಹೋಗಿದ್ದಳು, ಕಣ್ಣ ಸುತ್ತ ಕಪ್ಪು. ಯಜಮಾನರು ಊಟಕ್ಕೆ ಹೋಗಿದ್ದರು. ಅತ್ತಿಗೆ ಚೀಲದಿಂದ ಅಮ್ಮನ ಫೋಟೊ ತೆಗೆದು ಗಾಜಿನ ಮೇಲಿಟ್ಟಳು. ಅಮ್ಮ ಕುರ್ಚಿಯಲ್ಲಿ ಕೂತು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡಿದ್ದ ಚಿತ್ರ.

"ನೀನೇ ಮಾಡಿಕೊಡ್ತೀಯೇನೋ ಅಂತ ಬಂದೆ" ಎಂದಳು.

"ನಾನೀಗ ಕತ್ತರಿಸಲ್ಲ. ಅವರ ಹತ್ರ ಕೊಡಿ."

ಅತ್ತಿಗೆ ಹೋಗಲಿಲ್ಲ. ದನಿ ತಗ್ಗಿಸಿ, "ಊಟ ಸೇರ್ತಿಲ್ಲ ನನಗೆ. ಆ ಡ್ರಾಯರು ಎಳೆಯೋಕೂ ಕೈ ಬರಲ್ಲ" ಎಂದಳು. "ಒಂದ್ಸಲ ಪರವಾಗಿಲ್ಲ ಅತ್ತಿಗೆ ಅಂದ್ಬಿಡು. ಅಷ್ಟು ಸಾಕು."

"ಚಿಕ್ಕಪ್ಪನ ಮುಂದೆ ಹೇಳ್ತೀರಾ?"

ಅತ್ತಿಗೆಯ ಕಣ್ಣು ತುಂಬಿತು. "ಅದೊಂದು ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಅಳತೆ ಕೊಟ್ಟು ಹೋಗಿ. ಶನಿವಾರ ಸಿಗುತ್ತೆ."

ಹೊಸಬ ಟೇಪು ಎಳೆದು, ಬಾಯಲ್ಲಿ ಅಂಕಿ ಗೊಣಗಿಕೊಂಡು ಬರೆದುಕೊಂಡ. ಶನಿವಾರ ಬೆಳಗ್ಗೆ ಚೌಕಟ್ಟು ಒರೆಸಲು ಸೊನ್ನೆಯ ಮೂಲೆಗೆ ಬಂತು. ಅವಳಿಗೆ ಒಂದೇ ನೋಟಕ್ಕೆ ಕಂಡಿತು. ಫೋಟೊದ ಸುತ್ತ ಅಂಚಾಗಿ ಕೂರಿಸುವ ಒಳಗಿನ ರಟ್ಟನ್ನು ಅವನು ಕೆಳಭಾಗದಲ್ಲಿ ಎರಡು ಬೆರಳಷ್ಟು ಹೆಚ್ಚು ಬಿಟ್ಟಿದ್ದ. ಅಮ್ಮನ ಕೈಗಳು ರಟ್ಟಿನ ಹಿಂದೆ ಹೋಗಿ, ತೋಳು ಮಣಿಕಟ್ಟಿಗೇ ನಿಂತುಬಿಟ್ಟಿತ್ತು. ಮೊಳೆ ತೆಗೆದು ಸರಿಮಾಡಲು ಕಾಲು ಗಂಟೆ ಸಾಕಿತ್ತು. ಹೊಸಬ ಪಕ್ಕದಲ್ಲೇ ಇದ್ದ, ಯಜಮಾನರೂ ಇದ್ದರು.

ಸೊನ್ನೆ ಗಾಜನ್ನು ಒರೆಸಿದಳು. ಮಧ್ಯಾಹ್ನ ಅತ್ತಿಗೆ ಬಂದು ಚಿತ್ರವನ್ನು ಎತ್ತಿ ಹಿಡಿದು ನೋಡಿ, "ತುಂಬ ಚೆನ್ನಾಗಿ ಬಂದಿದೆ" ಎಂದಳು. ಸೊನ್ನೆ ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಕಂದು ಕಾಗದ ಸುತ್ತಿ, ದಾರ ಬಿಗಿದು ಕೊಟ್ಟಳು.